ಹಾಸಿ ಹೊದೆಯುವಷ್ಟು

ನಮ್ಮ ಕಡೆ ಹೊಸ ಪಿಕಪ್ ಕೊಂಡವರಿಗೆ ಮೊದಲ ಕೆಲವು ದಿನ ಸರಿಯಾಗಿ ನಿದ್ದೆ ಬರುವುದಿಲ್ಲ. ಬ್ಯಾಂಕಿನ ಕಂತು ಅದಕ್ಕೆ ಕಾರಣವಲ್ಲ. ಕಂತು ಮುಂದಿನ ತಿಂಗಳ ತಲೆಬಿಸಿ. ನಿದ್ದೆಗೆಡಿಸುವುದು ಗಾಡಿಯ ಹಿಂದಿನ ಬಾಡಿ. ಷೋರೂಮಿನಿಂದ ಬಂದಾಗ ಅದರ ತಳ ಬಗ್ಗಿ ನೋಡಿದರೆ ಮುಖ ಕಾಣುವ ಹಾಗಿರುತ್ತದೆ. ಚಕ್ರದಡಿ ನಿಂಬೆಹಣ್ಣು ಇಟ್ಟು ದಾಟಿಸಿ, ಕುಂಬಳಕಾಯಿ ಒಡೆದು, ಕನ್ನಡಿಗೆ ಹೂವು ಸುತ್ತಿ ಆದಮೇಲೆ ಉಳಿಯುವುದು ಒಂದೇ ಪ್ರಶ್ನೆ: ಇಷ್ಟು ಚಂದದ ತಳದ ಮೇಲೆ ನಾಳೆ ಬೆಳಿಗ್ಗೆ ಜಂಬಿಟ್ಟಿಗೆ ಕಲ್ಲು ಹೇರುವುದು ಹೇಗೆ?

ಇದಕ್ಕೆ ಉತ್ತರ ಹೇಳದವರು ಊರಲ್ಲಿ ಯಾರೂ ಇಲ್ಲ. ಚಾದಂಗಡಿಯ ಬೆಂಚಿನ ಮೇಲೆ ಕೂತವರಲ್ಲಿ ಒಬ್ಬರು ಚೆಕರ್ ಪ್ಲೇಟ್ ಹಾಕಿಸಿ ಎನ್ನುತ್ತಾರೆ. ಪಕ್ಕದವರು ಅದೆಲ್ಲ ದಂಡ, ಪ್ಲೈವುಡ್ ಸಾಕು ಎನ್ನುತ್ತಾರೆ. ಮೂರನೆಯವರದು ಕೊಟ್ಟಿಗೆಗೆ ಹಾಸುವ ರಬ್ಬರ್ ಮ್ಯಾಟಿನ ಪಕ್ಷ. ನಾಲ್ಕನೆಯವರಿಗೆ ಸೈಕಲ್ಲೂ ಇಲ್ಲ, ಆದ್ದರಿಂದ ಅವರ ಅಭಿಪ್ರಾಯ ಎಲ್ಲರಿಗಿಂತ ಖಚಿತ: "ಏನೂ ಹಾಕಿಸ್ಬೇಡಿ ಮಾರಾಯ್ರೆ, ಎರಡು ವರ್ಷ ದುಡಿಸಿ ಮಾರಿಬಿಡಿ."

ನಮ್ಮ ಭಾವ ಮಾರುವುದಕ್ಕೆಂದು ಯಾವುದನ್ನೂ ಕೊಂಡವರಲ್ಲ. ತೋಟದ ಅಡಿಕೆ, ಗದ್ದೆಯ ಶುಂಠಿ, ಗೊಬ್ಬರದ ಮೂಟೆ ಎಂದು ಬಾಡಿಗೆ ಗಾಡಿಗಳ ಹಿಂದೆ ಓಡಾಡಿ ರೋಸಿಹೋಗಿ ಒಂಬತ್ತಡಿ ಬಾಡಿಯ ಬೊಲೆರೊ ಪಿಕಪ್ ತಂದರು. ತಂದ ದಿನವೇ ಡಲ್ಲಾಸಿನಲ್ಲಿರುವ ಮಗನಿಗೆ ವಿಡಿಯೊ ಕರೆ ಮಾಡಿ, ಗಾಡಿಯ ಸುತ್ತ ಫೋನು ಹಿಡಿದು ಒಂದು ಪ್ರದಕ್ಷಿಣೆ ಹಾಕಿದರು. ಅವನ ಬಳಿಯೂ ಒಂದು ಪಿಕಪ್ ಇದೆ, ಫೋರ್ಡ್ ಎಫ್-150. ಪ್ರದಕ್ಷಿಣೆ ಮುಗಿಯುವ ತನಕ ಸುಮ್ಮನಿದ್ದು ಕಡೆಗೆ ಅವನು ಕೇಳಿದ್ದು: "ಅಪ್ಪಯ್ಯ, ಬೆಡ್‌ಗೆ ಲೈನರ್ ಹಾಕಿಸಿದ್ಯಾ?"

ಭಾವನಿಗೆ ಇದು ಆಸ್ಪತ್ರೆಯ ಮಾತಿನ ಹಾಗೆ ಕೇಳಿಸಿತಂತೆ. ಅಕ್ಕ ಬಿಡಿಸಿ ಹೇಳಿದ ಮೇಲೆ, "ಹಾಸಿಗೆಯ ಮಾತಾ! ಗಾಡಿ ಮಲಗುವುದಕ್ಕೆ ತಂದದ್ದಲ್ಲ" ಎಂದು ಫೋನು ಅವಳ ಕೈಗೇ ಕೊಟ್ಟರು. ಆದರೆ ಮರುದಿನ ಶಿವಮೊಗ್ಗದ ಬಾಡಿ ಕಟ್ಟುವ ವರ್ಕ್‌ಶಾಪಿಗೆ ಹೊರಟಾಗ ಜೊತೆಗೆ ಬರಲು ನನ್ನನ್ನೂ ಕರೆದರು.

ಈ ವರ್ಕ್‌ಶಾಪುಗಳನ್ನು ನೋಡಿದವರಿಗೆ ಗೊತ್ತು, ಅಲ್ಲಿ ಯಾವ ಗಾಡಿಯೂ ಪೂರ್ತಿ ಗಾಡಿಯಾಗಿರುವುದಿಲ್ಲ. ಒಂದಕ್ಕೆ ಮುಂಭಾಗವಿಲ್ಲ, ಇನ್ನೊಂದಕ್ಕೆ ಹಿಂಭಾಗವಿಲ್ಲ, ಮೂರನೆಯದರೊಳಗಿಂದ ಎರಡು ಕಾಲು ಮಾತ್ರ ಹೊರಗೆ ಕಾಣುತ್ತವೆ. ಇವುಗಳ ನಡುವೆ ನಮ್ಮ ಪಿಕಪ್ ತಪ್ಪಿಸಿಕೊಂಡು ಬಂದ ಮದುಮಗನ ಹಾಗೆ ನಿಂತಿತ್ತು. ಮೇಸ್ತ್ರಿ ಬಂದು ತಳವನ್ನು ಬೆರಳ ಗೆಣ್ಣಿನಿಂದ ತಟ್ಟಿ, "ತಗಡು ತೆಳು ಸಾರ್. ಎಂಥ ಹೇರ್ತೀರಿ?" ಎಂದರು.

ಅದೇ ಸರಿಯಾದ ಪ್ರಶ್ನೆ. ಉಳಿದವರೆಲ್ಲ ಗಾಡಿಗೆ ಏನು ಹಾಕಿಸುತ್ತೀರಿ ಎಂದು ಕೇಳಿದ್ದರು. ಏನು ಹೇರುತ್ತೀರಿ ಎಂದು ಕೇಳಿದವರು ಇವರೊಬ್ಬರೇ.

ಭಾವ ಪಟ್ಟಿ ಹೇಳಿದರು. ಅಡಿಕೆ ಮೂಟೆ, ಶುಂಠಿ, ಬಾಳೆಗೊನೆ, ಸಗಣಿ ಗೊಬ್ಬರ, ಮನೆ ಕಟ್ಟಿದರೆ ಕಲ್ಲು, ಅವಸರಕ್ಕೆ ಒಂದು ದನ, ಚೌತಿಗೆ ಗಣಪತಿ. ಮೇಸ್ತ್ರಿ ತಲೆ ಕೆರೆದುಕೊಂಡರು. ಕಲ್ಲಿಗೆ ಕಬ್ಬಿಣ ಬೇಕು. ದನಕ್ಕೆ ಕಬ್ಬಿಣ ಆಗದು; ಸಗಣಿ ಬಿದ್ದ ಚೆಕರ್ ಪ್ಲೇಟಿನ ಮೇಲೆ ಗೊರಸು ನಿಲ್ಲುವುದಿಲ್ಲ, ಮರಳೋ ಹುಲ್ಲೋ ಹರಡಲೇಬೇಕು. ಬಾಳೆಗೊನೆಗೆ ಮೆತ್ತನೆಯದು ಬೇಕು. ಗೊಬ್ಬರಕ್ಕೆ ತೊಳೆದರೆ ನೀರು ಹರಿದುಹೋಗುವಂಥದ್ದು ಬೇಕು. ಗಣಪತಿಗೆ ಇವೆಲ್ಲವೂ ಬೇಕು, ಜೊತೆಗೆ ಆಚೀಚೆ ಹಿಡಿದುಕೊಳ್ಳುವುದಕ್ಕೆ ನಾಲ್ಕು ಹುಡುಗರು.

ಆಮೇಲೆ ಮೇಸ್ತ್ರಿ ಒಂದು ಲೆಕ್ಕ ಹೇಳಿದರು. ನಾನು ಮನೆಗೆ ಬಂದು ತಾಳೆ ನೋಡಿದೆ, ಸರಿಯಾಗಿಯೇ ಇತ್ತು. ಒಂದು ಚದರ ಮೀಟರ್ ಉಕ್ಕಿನ ತಗಡು ಒಂದು ಮಿಲಿಮೀಟರ್ ದಪ್ಪಕ್ಕೆ ಸುಮಾರು 7.85 ಕಿಲೋ ತೂಗುತ್ತದೆ. ಒಂಬತ್ತಡಿ ಉದ್ದ, ಐದೂವರೆ ಅಡಿ ಅಗಲದ ತಳವೆಂದರೆ 4.6 ಚದರ ಮೀಟರ್. 3 ಮಿಲಿಮೀಟರ್ ಚೆಕರ್ ಪ್ಲೇಟ್ ಹಾಸಿದರೆ, ಮೇಲೆ ಎದ್ದಿರುವ ಆ ಉಬ್ಬುಗಳನ್ನೂ ಸೇರಿಸಿ, 115 ಕಿಲೋದ ಆಸುಪಾಸು. "ಗಾಡಿ ಖಾಲಿ ಹೋದ್ರೂ ಎರಡು ಮೂಟೆ ಸಿಮೆಂಟು ಒಳಗೇ ಇರ್ತದೆ ಸಾರ್, ಇಳಿಸೋಕಾಗಲ್ಲ" ಎಂದರು. ಅಷ್ಟು ಭಾರ ಹೊರುವ ಲೆಕ್ಕದಿಂದ ಕಳೆದುಹೋಗುತ್ತದೆ, ಡೀಸೆಲ್ ಮಾತ್ರ ಅದಕ್ಕೂ ಕುಡಿಯುತ್ತದೆ. 12 ಮಿಲಿಮೀಟರ್ ಪ್ಲೈವುಡ್ಡಾದರೆ ಅದರ ಮೂರನೇ ಒಂದು ಪಾಲು ತೂಕ. ಆದರೆ ನಮ್ಮ ಮಳೆಗೆ ಅದರ ಪದರಗಳು ಒಂದೊಂದಾಗಿ ಬಿಟ್ಟುಕೊಳ್ಳುತ್ತವೆ.

ರಬ್ಬರ್ ಮ್ಯಾಟಿನ ಕಥೆ ಬೇರೆ. ಅದರ ಮೇಲೆ ಮೂಟೆ ಜಾರುವುದಿಲ್ಲ. ತಿರುವುಗಳ ರಸ್ತೆಯಲ್ಲಿ ಇದಕ್ಕಿಂತ ಒಳ್ಳೆಯದಿಲ್ಲ ಎಂದು ಭಾವನಿಗೆ ಅನ್ನಿಸಿತು. ವರ್ಕ್‌ಶಾಪಿನ ಬಾಗಿಲಲ್ಲಿ ಬೀಡಿ ಸೇದುತ್ತ ನಿಂತಿದ್ದ ಒಬ್ಬ ಹಮಾಲ, ಯಾರೂ ಕೇಳದಿದ್ದರೂ, "ಜಾರದಿದ್ರೆ ನಾವು ಒಳಗೆ ತಳ್ಳೋದು ಹ್ಯಾಂಗೆ?" ಎಂದ. ಹಿಂಬಾಗಿಲಲ್ಲಿ ಮೂಟೆ ಇಟ್ಟು ಕಾಲಲ್ಲಿ ಒದ್ದರೆ ಅದು ಸೀದಾ ಕ್ಯಾಬಿನ್ನಿನ ಬೆನ್ನಿಗೆ ಹೋಗಿ ಕೂರಬೇಕು. ರಬ್ಬರಿನ ಮೇಲೆ ಪ್ರತಿಯೊಂದನ್ನೂ ಎತ್ತಿಕೊಂಡೇ ಹೋಗಬೇಕು. ಗಾಡಿ ನಿಂತಿರುವಾಗ ಮೂಟೆ ಜಾರಬೇಕು, ಓಡುವಾಗ ಜಾರಬಾರದು. ಅಂಥ ಹಾಸನ್ನು ಈ ತನಕ ಯಾರೂ ಮಾಡಿಲ್ಲ. ಮಾಡಿದವರಿಗೆ ಹಮಾಲರ ಸಂಘ ಸನ್ಮಾನ ಮಾಡೀತು.

ಕಡೆಗೆ 2 ಮಿಲಿಮೀಟರಿನ ಚೆಕರ್ ಪ್ಲೇಟ್ ಎಂದು ತೀರ್ಮಾನವಾಯಿತು. ಹಾಕುವ ಕೆಲಸ ನೋಡುವಂಥದ್ದು. ಮೊದಲು ಬ್ಯಾಟರಿಯ ಮೈನಸ್ ತಂತಿ ಬಿಚ್ಚಿಟ್ಟರು. ವೆಲ್ಡಿಂಗಿನ ಕರೆಂಟು ಗಾಡಿಯ ಎಲೆಕ್ಟ್ರಾನಿಕ್ಸಿಗೆ ನುಗ್ಗಬಾರದಲ್ಲ. ಚಕ್ರದ ಮೇಲಿನ ಉಬ್ಬಿಗೆ ರಟ್ಟು ಒತ್ತಿಹಿಡಿದು ಅಚ್ಚು ತೆಗೆದರು, ರಟ್ಟನ್ನು ಪ್ಲೇಟಿನ ಮೇಲಿಟ್ಟು ಸೀಮೆಸುಣ್ಣದಲ್ಲಿ ಗೆರೆ ಎಳೆದರು, ಗ್ರೈಂಡರಿನಲ್ಲಿ ಕೊಯ್ದರು. ಹುಡುಗನೊಬ್ಬ ಒದ್ದೆ ಗೋಣಿಚೀಲ ಹಿಡಿದು ಗಾಡಿಯಡಿ ಮಲಗಿ ಡೀಸೆಲ್ ಪೈಪಿನ ಬಳಿ ಕಿಡಿ ಬೀಳದ ಹಾಗೆ ಕಾದ. ಇಷ್ಟೆಲ್ಲ ಆದಮೇಲೆ ಮೇಸ್ತ್ರಿ ವೆಲ್ಡಿಂಗ್ ಕಡ್ಡಿ ಕೈಗೆತ್ತಿಕೊಂಡು ಮತ್ತೆ ಕೆಳಗಿಟ್ಟರು. "ಸಾರ್, ವೆಲ್ಡ್ ಹೊಡೆದ್ರೆ ಕೆಳಗಿನ ಕಂಪನಿ ಪೇಂಟ್ ಸುಡ್ತದೆ. ಸುಟ್ಟಲ್ಲೇ ತುಕ್ಕು ಶುರು. ನಿಮ್ಮ ಊರಿನ ಮಳೆಗೆ ಬೋಲ್ಟ್ ಒಳ್ಳೇದು."

ಭಾವನಿಗೆ ಆ ಮಾತು ನಾಟಿತು, ಮಳೆಯೆಂದ ಮೇಲೆ ನಾಟಲೇಬೇಕು. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಮೀರಿ ಸುರಿಯುವ ಮಳೆ ನಮ್ಮಲ್ಲಿ ಅಷ್ಟಿಲ್ಲದಿದ್ದರೂ ತಗಡಿನ ಮೇಲೆ ಕರುಣೆಯನ್ನೇನೂ ತೋರಿಸುವುದಿಲ್ಲ. ಹೊಸ ತಗಡು, ಹಳೆ ತಳ, ಇವೆರಡರ ನಡುವೆ ನುಗ್ಗಿದ ನೀರಿಗೆ ಹೊರದಾರಿಯಿಲ್ಲ. ಮೇಲಿನಿಂದ ನೋಡಿದರೆ ಎಲ್ಲ ಭದ್ರ, ನಡುವೆ ಮಾತ್ರ ಸದ್ದಿಲ್ಲದೆ ಕಬ್ಬಿಣ ಮಣ್ಣಾಗುತ್ತಿರುತ್ತದೆ. ಆದ್ದರಿಂದ ಪ್ಲೇಟಿನ ಅಡಿಗೆ ಎರಡು ಕೈ ರೆಡ್ ಆಕ್ಸೈಡ್, ಅಂಚಿಗೆ ಸೀಲಂಟ್, ತಗ್ಗಿನ ಮೂಲೆಗಳಲ್ಲಿ ನೀರು ಇಳಿಯಲು ತೂತು. ಗಾಡಿಯನ್ನು ಕಾಪಾಡುವುದಕ್ಕೆ ಹಾಕಿದ್ದನ್ನು ಕಾಪಾಡುವುದಕ್ಕೆ ಇಷ್ಟು. ಬಿಲ್ಲು ನೋಡಿ ಭಾವ, "ಇನ್ನು ಈ ಪ್ಲೇಟಿನ ಮೇಲೆ ಗೀರು ಬೀಳದ ಹಾಗೆ ಎಂಥ ಹಾಸೋದು?" ಎಂದು ಕೇಳಿದ್ದು ತಮಾಷೆಗೆ ಎಂದೇ ನಾನು ತಿಳಿದಿದ್ದೇನೆ.

ಈ ನಡುವಿನ ನೀರಿನ ಕಾಟ ಅಮೆರಿಕದಲ್ಲೂ ಉಂಟು ಎಂದು ಡಲ್ಲಾಸಿನ ಸೋದರಳಿಯನಿಂದ ತಿಳಿಯಿತು. ಅಲ್ಲಿ ಹಾಸುಗಳಲ್ಲಿ ಮುಖ್ಯವಾಗಿ ಎರಡು ಪಂಗಡ. ಒಂದು, ಗಾಡಿಯ ಅಳತೆಗೆ ಅಚ್ಚು ಹೊಡೆದ ಗಟ್ಟಿ ಪ್ಲಾಸ್ಟಿಕ್ ತೊಟ್ಟಿ. ತಂದು ಒಳಗಿಳಿಸಿದರೆ ಮುಗಿಯಿತು. ಅಗ್ಗ, ಸಲೀಸು, ಆದರೆ ಗಾಡಿ ಕುಲುಕಿದಾಗೆಲ್ಲ ಅದು ಅಡಿಯ ಬಣ್ಣವನ್ನು ಉಜ್ಜುತ್ತದೆ, ನೀರನ್ನೂ ಹಿಡಿದಿಡುತ್ತದೆ. ಇನ್ನೊಂದು, ಪಾಲಿಯುರೆಥೇನ್ ಅಥವಾ ಪಾಲಿಯುರಿಯ ಎಂಬ ದ್ರಾವಣವನ್ನು ಪಿಚಕಾರಿಯಲ್ಲಿ ಸಿಂಪಡಿಸುವುದು. ಮೊದಲು ಕಂಪನಿಯ ಹೊಳಪು ಬಣ್ಣವನ್ನು ಮರಳುಕಾಗದದಿಂದ ಚೆನ್ನಾಗಿ ಉಜ್ಜಿ ಒರಟು ಮಾಡಬೇಕು, ಇಲ್ಲದಿದ್ದರೆ ಹಿಡಿಯುವುದಿಲ್ಲ. ಆಮೇಲೆ ಸಿಂಪಡಿಸಿದ್ದು ಕ್ಷಣಗಳಲ್ಲೇ ಗಟ್ಟಿಯಾಗಿ ಕಪ್ಪಗೆ, ತರಿತರಿಯಾಗಿ ಮೈಗಂಟಿಕೊಳ್ಳುತ್ತದೆ. ನಡುವೆ ನೀರು ನುಗ್ಗಲು ನಡುವೆಂಬುದೇ ಇರುವುದಿಲ್ಲ. ಅಳಿಯ ಅದನ್ನೇ ಮಾಡಿಸಿದ್ದಾನೆ. ಗೀರು ಬೀಳದಿರಲಿ ಎಂದು ಮೊದಲು ಇಡೀ ತಳವನ್ನು ಗೀರಿಸಿಕೊಳ್ಳುವ ಈ ವಿಧಾನ ಭಾವನಿಗೆ ತುಂಬ ಹಿಡಿಸಿತು. ಬಂದವರಿಗೆಲ್ಲ ಹೇಳಿ ನಗುತ್ತಾರೆ.

ಪ್ಲಾಸ್ಟಿಕ್ ತೊಟ್ಟಿಯ ವಿಷಯದಲ್ಲಿ ಮಾತ್ರ ನಗುವಂಥದ್ದಲ್ಲದ ಒಂದು ಸಂಗತಿ ಇದೆ. ಅದರ ಮೇಲೆ ಪೆಟ್ರೋಲ್ ಕ್ಯಾನ್ ಇಟ್ಟು, ಅಲ್ಲೇ ಬಂಕಿನ ಪೈಪು ಹಾಕಿ ತುಂಬಿಸಿದರೆ ಬೆಂಕಿ ಹತ್ತುವ ಅಪಾಯವುಂಟು. ಪೆಟ್ರೋಲ್ ಹರಿಯುವಾಗ ಹುಟ್ಟುವ ಸ್ಥಾಯಿ ವಿದ್ಯುತ್ತಿಗೆ ನೆಲಕ್ಕಿಳಿಯಲು ಪ್ಲಾಸ್ಟಿಕ್ ದಾರಿ ಕೊಡುವುದಿಲ್ಲ. ಒಂದು ಕಿಡಿ ಸಾಕು. ಇಂಥ ಅವಘಡಗಳು ನಡೆದ ಮೇಲೆ 1998ರಲ್ಲಿ ಅಲ್ಲಿನ ಔದ್ಯೋಗಿಕ ಸುರಕ್ಷತೆಯ ಸರ್ಕಾರಿ ಸಂಸ್ಥೆ ಎಚ್ಚರಿಕೆ ಹೊರಡಿಸಿತು: ಕ್ಯಾನನ್ನು ಇಳಿಸಿ, ನೆಲದ ಮೇಲಿಟ್ಟು ತುಂಬಿಸಿ. ಕಳೆ ಕೊಚ್ಚುವ ಯಂತ್ರಕ್ಕೆಂದು ಕ್ಯಾನಿನಲ್ಲಿ ಪೆಟ್ರೋಲ್ ತರುವ ನಮ್ಮವರೂ ಇದನ್ನು ಕಿವಿಯ ಮೇಲೆ ಹಾಕಿಕೊಂಡರೆ ಒಳ್ಳೆಯದು. ಇಳಿಸುವ ಸೋಮಾರಿತನ ಎರಡೂ ದೇಶಗಳಲ್ಲಿ ಒಂದೇ.

ಅಳಿಯನ ಗಾಡಿಗೆ ಮೇಲೊಂದು ಮುಚ್ಚಳವೂ ಇದೆ. ಮಡಿಸುವಂಥದ್ದು, ಸುರುಳಿ ಸುತ್ತುವಂಥದ್ದು, ಗುಂಡಿ ಒತ್ತಿದರೆ ತಾನಾಗಿ ಸರಿಯುವಂಥದ್ದು ಎಂದು ಅದರಲ್ಲೂ ನಾನಾ ಬಗೆ. ಇಷ್ಟಾಗಿ ಅವನು ಅದರಲ್ಲಿ ತರುವುದೇನು ಎಂದು ಅಕ್ಕ ಕೇಳಿದಳು. ವಾರದ ದಿನಸಿ. ಅಕ್ಕಿಯ ಚೀಲ, ತರಕಾರಿ, ಹಾಲಿನ ಡಬ್ಬಿ. ಮನೆಗೆ ಬರುವಷ್ಟರಲ್ಲಿ ಅವು ಜಾರಿ ಕ್ಯಾಬಿನ್ನಿನ ಬುಡ ಸೇರಿರುತ್ತವೆ. ಮುಚ್ಚಳದಡಿ ಬಗ್ಗಿ ತೆವಳಿ ಎಳೆದುಕೊಳ್ಳಬೇಕು. ಅದಕ್ಕೆಂದೇ ಉದ್ದನೆಯ ಕೊಕ್ಕೆಕೋಲು ಮಾರುತ್ತಾರಂತೆ. "ನಾವು ದೋಟಿಯಲ್ಲಿ ನುಗ್ಗೆಕಾಯಿ ಕೀಳೋದು, ಅವನು ದೋಟಿಯಲ್ಲಿ ಟೊಮೇಟೊ ಕೀಳೋದು" ಎಂದಳು ಅಕ್ಕ.

ಅವನನ್ನೇ ಏಕೆ ಅನ್ನಬೇಕು! ಆ ದೇಶದ ಪಿಕಪ್ಪೂ ಹುಟ್ಟಿದ್ದು ಕೆಸರಿನಲ್ಲೇ. ಹಿಂದೆ ರೈತರು ಮಾಡೆಲ್ ಟಿ ಕಾರಿನ ಹಿಂಭಾಗ ಕೊಯ್ದು ಮರದ ಪೆಟ್ಟಿಗೆ ಕೂರಿಸಿಕೊಳ್ಳುತ್ತಿದ್ದರು. ಅದನ್ನು ನೋಡಿ ಫೋರ್ಡ್ ಕಂಪನಿ 1925ರಲ್ಲಿ ತಾನೇ ಪಿಕಪ್ ಬಾಡಿ ಕೂರಿಸಿ 281 ಡಾಲರಿಗೆ ಮಾರಿತು. ಆಸ್ಟ್ರೇಲಿಯದಲ್ಲಿ ಹೇಳುವ ಕಥೆ ಇನ್ನೂ ಚಂದ. ರೈತನ ಹೆಂಡತಿಯೊಬ್ಬಳು ಫೋರ್ಡ್ ಕಂಪನಿಗೆ ಕಾಗದ ಬರೆದಳಂತೆ: ಭಾನುವಾರ ಚರ್ಚಿಗೆ ಹೋಗಲೂ ಸೋಮವಾರ ಹಂದಿಗಳನ್ನು ಸಂತೆಗೆ ಒಯ್ಯಲೂ ಆಗುವ ಒಂದೇ ಗಾಡಿ ಬೇಕು. 1934ರಲ್ಲಿ ಜೀಲಾಂಗಿನ ಕಾರ್ಖಾನೆಯಿಂದ ಅಂಥ ಗಾಡಿ ಹೊರಬಂತು. ಹಂದಿಗಳ ಕೆಳಗೆ ಏನು ಹಾಸಬೇಕು ಎಂದು ಆಕೆ ಕೇಳಿದ ಹಾಗಿಲ್ಲ.

ಹಾಸಿನ ಪ್ರಶ್ನೆ ಹುಟ್ಟುವುದು ಗಾಡಿ ಚರ್ಚಿಗೆ ಹೋಗುವುದು ಹೆಚ್ಚಾಗಿ ಸಂತೆಗೆ ಹೋಗುವುದು ಕಡಿಮೆಯಾದ ಮೇಲೆ. ಈಚೆಗೆ ನಮ್ಮ ಕಾಫಿ ಸೀಮೆಯಲ್ಲೂ ಬಿಳಿ ನಂಬರ್ ಪ್ಲೇಟಿನ ಇಸುಜು ವಿ-ಕ್ರಾಸ್, 2022ರಿಂದ ಟೊಯೊಟಾ ಹೈಲಕ್ಸ್ ಕಾಣುತ್ತವೆ. ಅವುಗಳ ಬಾಡಿಗೆ ಪ್ಲಾಸ್ಟಿಕ್ ತೊಟ್ಟಿ, ಮೇಲೆ ಬೀಗ ಹಾಕುವ ಮುಚ್ಚಳ. ಒಳಗೆ ಏನಿರುತ್ತದೋ ದೇವರಿಗೇ ಗೊತ್ತು. ನಾನು ನೋಡಿದ ಒಂದರೊಳಗೆ ಒಂದು ಫುಟ್‌ಬಾಲ್ ಮಾತ್ರ ಇತ್ತು. ಬಾಡಿಗೆ ಓಡಿಸುವ ಹಳದಿ ಪ್ಲೇಟಿನ ಗಾಡಿಗಳವರ ಹಾಸುಗಳೇ ಬೇರೆ. ಅವರು ಬಾಳೆಗೊನೆಯ ಕೆಳಗೆ ಒಣ ಬಾಳೆಲೆ ಹಾಸುವುದು ಕಾಯಿ ಉಜ್ಜಿ ಕಪ್ಪಾಗಬಾರದೆಂದು. ಸಿಮೆಂಟಿನ ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸುವುದು ತೇವ ತಾಗಬಾರದೆಂದು. ಗಣಪತಿಯ ಪೀಠದ ಸುತ್ತ ಹುಲ್ಲಿನ ಪಿಂಡಿ ತುರುಕುವುದು ಸೊಂಡಿಲಿಗೆ ಏಟಾಗಬಾರದೆಂದು. ಇವರು ಗಾಡಿಯಿಂದ ಸಾಮಾನನ್ನು ಕಾಪಾಡುತ್ತಾರೆ. ಅಳಿಯ, ವಿ-ಕ್ರಾಸಿನವರು, ಈಗ ನಮ್ಮ ಭಾವ, ಸಾಮಾನಿನಿಂದ ಗಾಡಿಯನ್ನು ಕಾಪಾಡುತ್ತಾರೆ. ನನ್ನ ಒಲವು ಬಾಳೆಲೆಯವರ ಕಡೆಗೆ. ಗಾಡಿ ಇರುವುದೇ ಗೀರು ಬೀಳಿಸಿಕೊಳ್ಳುವುದಕ್ಕೆ. ಆದರೆ ಇದನ್ನು ಗಾಡಿ ಇಲ್ಲದವನು ಭಾವನ ಮುಂದೆ ಹೇಳಿದರೆ ಚಾದಂಗಡಿಯ ನಾಲ್ಕನೆಯವರ ಸಾಲಿಗೆ ಸೇರಬೇಕಾಗುತ್ತದೆ.

ಹಾಸಾಯಿತು, ಇನ್ನು ಹೊದಿಕೆ.

ಮೊದಲೆಲ್ಲ ಟಾರ್ಪಲ್ ಎಂದರೆ ಮೇಣ ಹತ್ತಿಸಿದ ದಪ್ಪ ಕ್ಯಾನ್ವಾಸು. ಒಣಗಿದ್ದರೆ ಇಬ್ಬರು ಹೊರಬೇಕು, ನೆನೆದರೆ ನಾಲ್ವರು. ಒದ್ದೆಯಾಗಿ ಮಡಿಸಿಟ್ಟರೆ ಬೂಸಲು, ಒಣಗಿಸಿ ಮಡಿಸಿಟ್ಟರೆ ಇಲಿ. ಈಗ ಪ್ಲಾಸ್ಟಿಕ್ ಎಳೆಗಳಿಂದ ನೇಯ್ದು ಎರಡು ಬದಿಗೂ ಪದರ ಕೊಟ್ಟದ್ದು ಬಂದಿದೆ. ಅಂಗಡಿಯಲ್ಲಿ ಅದರ ಯೋಗ್ಯತೆ ಕೇಳುವುದು ಜಿಎಸ್‌ಎಮ್ಮಿನಲ್ಲಿ, ಅಂದರೆ ಒಂದು ಚದರ ಮೀಟರ್ ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ. 250 ಜಿಎಸ್‌ಎಮ್ಮಿನ, ಎಂಟು ಮೀಟರ್‌ಗೆ ಆರು ಮೀಟರಿನ ಟಾರ್ಪಲ್ ಹನ್ನೆರಡು ಕಿಲೋ. ಒಬ್ಬನೇ ಹೆಗಲ ಮೇಲೆ ಹಾಕಿಕೊಂಡು ಹೋಗಬಹುದು. ಅಗ್ಗದ ತೆಳು ನೀಲಿಯದಕ್ಕೆ ಮಳೆಗಿಂತ ಬಿಸಿಲಿನ ಭಯ ಹೆಚ್ಚು. ಬೇಸಿಗೆಯಲ್ಲಿ ಗಾಡಿಯ ಮೇಲೆ ಬಿಟ್ಟರೆ ಜೂನಿನ ಹೊತ್ತಿಗೆ ಮುಟ್ಟಿದಲ್ಲಿ ಪುಡಿ ಉದುರುತ್ತದೆ, ಸರಿಯಾಗಿ ಅದು ಬೇಕಾಗುವ ಹೊತ್ತಿಗೆ.

ಟಾರ್ಪಲ್ ಕೊಳ್ಳುವುದು ಯಾರಿಂದಲೂ ಆದೀತು, ಕಟ್ಟುವುದು ಎಲ್ಲರಿಂದ ಆಗದು. ಭಾವನ ಡ್ರೈವರ್ ಕಟ್ಟುವುದನ್ನು ನಾನು ಕುರ್ಚಿ ಹಾಕಿಕೊಂಡು ನೋಡಿದ್ದೇನೆ. ಅವನು ಶುರುಮಾಡುವುದು ಮುಂದಿನಿಂದ. ಕ್ಯಾಬಿನ್ನಿನ ಬೆನ್ನ ಹಿಂದೆ ಅಂಚನ್ನು ಮೂಟೆಗಳ ಸಂದಿಗೆ ಒಂದು ಮಡಿಕೆ ಒಳಸೇರಿಸುತ್ತಾನೆ. ಅಲ್ಲಿ ಗಾಳಿಗೆ ಒಂದು ಬೆರಳಷ್ಟು ಬಾಯಿ ಸಿಕ್ಕರೂ ಇಪ್ಪತ್ತು ಕಿಲೋಮೀಟರ್ ಹೋಗುವಷ್ಟರಲ್ಲಿ ಇಡೀ ಟಾರ್ಪಲ್ ಬುಗ್ಗೆ ಕಟ್ಟಿ ಹರಿಯುತ್ತದೆ. ಆಮೇಲೆ ಹಗ್ಗ. ಒಂದು ಬದಿಯ ಕೊಂಡಿಗೆ ಬಿಗಿದು, ಮೇಲಿನಿಂದ ಎಸೆದು, ಆಚೆ ಬದಿಗೆ ಬಂದು ಹಗ್ಗದ ನಡುವಿನಲ್ಲೇ ಕೈ ತಿರುಗಿಸಿ ಒಂದು ಕುಣಿಕೆ ಮಾಡುತ್ತಾನೆ. ತುದಿಯನ್ನು ಕೆಳಗಿನ ಕೊಂಡಿಗೆ ಸುತ್ತಿ, ಆ ಕುಣಿಕೆಯೊಳಗೆ ತೂರಿಸಿ, ಒಂದು ಕಾಲನ್ನು ಟೈರಿಗೆ ಒತ್ತಿ ಎಳೆಯುತ್ತಾನೆ. ರಾಟೆಯ ತತ್ವವೇ ಅದು. ಒಬ್ಬನ ಬಲ ಇಬ್ಬರದಾಗುತ್ತದೆ. ಬಿಚ್ಚುವಾಗ ತುದಿ ಹಿಡಿದು ಒಂದು ಜಗ್ಗು ಜಗ್ಗಿದರೆ ಇಡೀ ಗಂಟು ಮಾಯ. ನಾನು ಕಟ್ಟಿದರೆ ಕತ್ತಿಯಲ್ಲೇ ಕೊಯ್ಯಬೇಕು.

ಅವನ ಇನ್ನೊಂದು ಕೈಚಳಕ ಹೇಳದೆ ಬಿಡಲಾರೆ. ಟಾರ್ಪಲಿನ ಅಂಚಿಗಿರುವ ಅಲ್ಯೂಮಿನಿಯಮ್ ಕಣ್ಣುಗಳು ಗಾಳಿಗೆ ಕಿತ್ತುಬರುವುದು ಮಾಮೂಲು. ಆಗ ಅವನು ಜೇಬಿನಿಂದ ಒಂದು ಗೋಟಡಿಕೆ ತೆಗೆಯುತ್ತಾನೆ. ಅದನ್ನು ಟಾರ್ಪಲಿನ ಅಡಿಗಿಟ್ಟು, ಮೇಲಿನಿಂದ ಬಟ್ಟೆ ಸಮೇತ ಮುಷ್ಟಿಯಲ್ಲಿ ಹಿಡಿದು, ಅಡಿಕೆಯ ಕೆಳಗೆ ಕುತ್ತಿಗೆಯಾದಲ್ಲಿ ಹಗ್ಗ ಬಿಗಿಯುತ್ತಾನೆ. ಟಾರ್ಪಲಿಗೆ ಹೊಸ ತೂತಿಲ್ಲ, ಹರಿಯುವ ಭಯವಿಲ್ಲ. ಬಯಲುಸೀಮೆಯವರು ಇದಕ್ಕೆ ಬೆಣಚುಕಲ್ಲು ಇಡುತ್ತಾರಂತೆ. ಮಲೆನಾಡಿನಲ್ಲಿ ಕಲ್ಲು ಹುಡುಕಲು ಬಗ್ಗಬೇಕು, ಅಡಿಕೆ ಜೇಬಿನಲ್ಲೇ ಇರುತ್ತದೆ.

ಹೊದಿಕೆ ಕೆಳಗೆ ತಗ್ಗಿ ನೀರು ನಿಲ್ಲದಿರಲಿ ಎಂದು ಪೈಪು ಬಗ್ಗಿಸಿ ಕಮಾನು ಹಾಕಿಸುವ ಯೋಚನೆಯೂ ಭಾವನಿಗೆ ಬಂತು. ಬಂದದ್ದೇ ತಡ, ಚಾದಂಗಡಿಯಲ್ಲಿ ಕಾನೂನು ಕಾಲೇಜು ತೆರೆಯಿತು. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸವಾಗುವ ಹಾಗೆ ಗಾಡಿ ಬದಲಿಸುವಂತಿಲ್ಲ. ಹಾಗಾದರೆ ಕಮಾನು ಬದಲಾವಣೆಯೋ, ಬಿಚ್ಚಿಡಬಹುದಾದ ಸಾಮಾನೋ? ಪ್ಲೇಟು? ಹಾರ್ನು? ಹಿಂದೆ ಬರೆಸಿದ 'ತಾಯಿಯ ಆಶೀರ್ವಾದ'? ಬೆಂಚಿನವರು ತೀರ್ಪು ಕೊಡುವಷ್ಟರಲ್ಲಿ ಬಸ್ಸು ಬಂತು, ಎಲ್ಲರೂ ಎದ್ದು ಹೋದರು. ಬಸ್ಸು ತಪ್ಪಿದ್ದರೆ ಅವರೆಲ್ಲ ಇದೇ ಪಿಕಪ್ಪಿನ ಹಿಂದೆ ಹತ್ತುತ್ತಿದ್ದರೆಂಬುದು, ಸಾಮಾನಿನ ಗಾಡಿಯಲ್ಲಿ ಜನ ಕೂರುವುದಕ್ಕೂ ಕಾನೂನಿನ ಅಡ್ಡಿಯಿದೆ ಎಂಬುದು ಬೇರೆ ಮಾತು.

ಹಿಂದೆ ಕೂರುವ ಮಾತು ಬಂದದ್ದರಿಂದ ಇದನ್ನೂ ಹೇಳುತ್ತೇನೆ. ಅಮೆರಿಕದ ಕೋಳಿಗೆ ಯುರೋಪಿನವರು ಸುಂಕ ಹಾಕಿದ ಸಿಟ್ಟಿಗೆ ಅಮೆರಿಕ 1964ರಲ್ಲಿ ಹೊರದೇಶದ ಸಣ್ಣ ಟ್ರಕ್ಕುಗಳ ಮೇಲೆ ಶೇಕಡ 25 ಸುಂಕ ಹೇರಿತು. ಜಪಾನಿನ ಸುಬಾರು ಕಂಪನಿ ಅದಕ್ಕೊಂದು ಉಪಾಯ ಹೂಡಿ, ತನ್ನ ಬ್ರ್ಯಾಟ್ ಎಂಬ ಪುಟ್ಟ ಪಿಕಪ್ಪಿನ ಹಿಂದಿನ ಬಾಡಿಯೊಳಗೆ ಹಿಮ್ಮುಖವಾಗಿ ಎರಡು ಪ್ಲಾಸ್ಟಿಕ್ ಸೀಟು ಕೂರಿಸಿತು. ಸೀಟಿದೆಯಲ್ಲ, ಇದು ಟ್ರಕ್ಕಲ್ಲ, ಕಾರು ಎಂದು ವಾದಿಸಿ ಸುಂಕ ತಪ್ಪಿಸಿಕೊಂಡಿತು. ರೊನಾಲ್ಡ್ ರೇಗನ್ ಅವರ ಕ್ಯಾಲಿಫೋರ್ನಿಯದ ಜಮೀನಿನಲ್ಲೂ ಅಂಥದೊಂದು ಇತ್ತು. ಅಲ್ಲಿ ಕಾನೂನಿನಿಂದ ಪಾರಾಗಲು ಹಿಂದೆ ಕೂರಿಸಿದರು, ಇಲ್ಲಿ ಪೊಲೀಸರನ್ನು ಕಂಡರೆ ಹಿಂದಿನಿಂದ ಇಳಿಸುತ್ತೇವೆ. ಇದನ್ನು ಭಾವನಿಗೆ ಹೇಳಿದಾಗ ಅವರು ಕೇಳಿದ್ದು, "ಆ ಸೀಟಿನ ಕೆಳಗೆ ಎಂಥ ಹಾಸಿದ್ರು?"

ಇಷ್ಟೆಲ್ಲ ಮಾಡಿ ಭಾವ 250 ಜಿಎಸ್‌ಎಮ್ಮಿನ ಒಳ್ಳೆಯ ಟಾರ್ಪಲ್ ತಂದರು. ತಂದದ್ದು ಅಡಿಕೆ ಕೊಯ್ಲಿನ ಕಾಲದಲ್ಲಿ. ಬೇಯಿಸಿದ ಅಡಿಕೆ ಅಟ್ಟದ ಮೇಲೆ ಒಣಗುತ್ತಿದ್ದ ಒಂದು ಮಧ್ಯಾಹ್ನ ಹೇಳದೆ ಕೇಳದೆ ಮೋಡ ಕವಿಯಿತು. ರೈತ ಸಂಪರ್ಕ ಕೇಂದ್ರದಿಂದ ಸಬ್ಸಿಡಿಯಲ್ಲಿ ತಂದಿದ್ದ ಟಾರ್ಪಲ್ ಆಗಲೇ ಸೌದೆಯ ಮೇಲಿತ್ತು. ಅಕ್ಕ ಆಳುಗಳನ್ನು ಕೂಗಿ ಗಾಡಿಯದನ್ನು ಬಿಚ್ಚಿಸಿ ಅಡಿಕೆಗೆ ಹೊದೆಸಿದಳು. ಮಳೆ ನಿಂತಿತು, ಟಾರ್ಪಲ್ ಮರಳಲಿಲ್ಲ. ನಾಳೆಯೂ ಮೋಡವಿರಬಹುದಲ್ಲ. ಆಮೇಲೆ ಪಕ್ಕದ ಮನೆಯ ಉಪನಯನದ ಚಪ್ಪರಕ್ಕೆ ಹೋಯಿತು, ಅಲ್ಲಿಂದ ಅವರ ಹುಲ್ಲಿನ ಗೊಣಬೆಗೆ.

ಶಿವಮೊಗ್ಗಕ್ಕೆ ಮೂಟೆ ಒಯ್ಯುವ ಬೆಳಿಗ್ಗೆ ಭಾವ ಅಂಗಳದಲ್ಲಿ ನಿಂತು ಕೂಗಾಡಿದರು. "ಗಾಡಿಗೆ ಅಂತ ತಂದದ್ದು! ಪ್ಲೇಟಿಗೆ ನೀರು ಬಿದ್ರೆ ಎಂಥ ಗತಿ?"

ಅಕ್ಕ ಅಟ್ಟದ ಬಳಿ ಅಡಿಕೆ ತಿರುವುತ್ತಿದ್ದಳು. ತಲೆ ಎತ್ತದೆ ಕೇಳಿದಳು: "ಅಡಿಕೆ ಕ್ವಿಂಟಾಲಿಗೆ ನಲವತ್ತು ಸಾವಿರದ ಮೇಲಿದೆ. ನಿಮ್ಮ ಪ್ಲೇಟು ಕ್ವಿಂಟಾಲಿಗೆ ಎಷ್ಟು?"

ಆ ಸಂಜೆ ಭಾವ ಮತ್ತೆ ಅಂಗಡಿಗೆ ಹೋದರು. ಜೊತೆಗೆ ಅಕ್ಕನೂ ಇದ್ದಳು, ನಾನೂ ಇದ್ದೆ. ಅಂಗಡಿಯವರು ಅಡ್ಡಪಂಚೆ ಮೇಲೆ ಕಟ್ಟಿಕೊಂಡು ಏಣಿಗೆ ಕಾಲಿಟ್ಟು, "ಗಾಡಿಗೋ, ಅಡಿಕೆಗೋ?" ಎಂದು ಕೇಳಿದರು. ಭಾವ "ಗಾಡಿಗೆ" ಎಂದರು. ಅಕ್ಕ, "ಎರಡು ಇಳಿಸಿ" ಎಂದಳು. ಅಂಗಡಿಯವರು ಯಾರ ಮಾತು ನಡೆಯುತ್ತದೆಂದು ಒಮ್ಮೆ ನೋಡಿ, ಎರಡನ್ನು ಇಳಿಸಿದರು.